ಗುರು ಯಾಕೆ ಬರೀ ಬಿಳಿ ಉಂಡೆಯಾಗಿ ಬರುತ್ತದೆ? ಸಾಧಾರಣ ಕ್ಯಾಮೆರಾದಲ್ಲಿ ಗ್ರಹಗಳ ಫೋಟೊ ತೆಗೆಯುವ ಸಮಗ್ರ ಮಾರ್ಗದರ್ಶಿ

"ಸರಿಯಾಗಿ ಬರ್ತಾ ಇಲ್ಲ, ಏನು ತಪ್ಪು ನೋಡಿ" ಅಂತ ನನಗೆ ಬರುವ ಗ್ರಹಗಳ ಫೋಟೊಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ಸುತ್ತ ಕಪ್ಪು ಆಕಾಶ, ನಡುವೆ ಬೆಳ್ಳಗೆ ಹೊಳೆಯುವ ಒಂದು ಉಂಡೆ. ಅದು ಗುರುವೋ ಶುಕ್ರವೋ ಅಂತ ತೆಗೆದವರಿಗೇ ಗೊತ್ತಾಗುವುದಿಲ್ಲ. ಜೊತೆಗೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: "ಇನ್ನೂ ದೊಡ್ಡ ಕ್ಯಾಮೆರಾ ತಗೋಬೇಕಾ?"

ಬೇಡ. ತಪ್ಪು ಕ್ಯಾಮೆರಾದ್ದಲ್ಲ. ರಾತ್ರಿ ಹೊತ್ತು ತೆಗೆಯುತ್ತಿದ್ದೇವೆ ಅಂದುಕೊಂಡು ರಾತ್ರಿಯ ಸೆಟ್ಟಿಂಗ್ ಹಾಕುತ್ತೇವೆ, ಅಲ್ಲೇ ಎಡವುತ್ತೇವೆ. ಆಕಾಶ ಕತ್ತಲಾಗಿದ್ದರೂ ಗ್ರಹ ನಿಂತಿರುವುದು ಸೂರ್ಯನ ಬಿಸಿಲಿನಲ್ಲಿ. ನೀವು ತೆಗೆಯುತ್ತಿರುವುದು ಬಿಸಿಲಲ್ಲಿರುವ ಒಂದು ಪುಟ್ಟ ವಸ್ತುವಿನ ಫೋಟೊ. ಈ ಒಂದು ಮಾತು ತಲೆಯಲ್ಲಿ ಕೂತರೆ ಕೆಳಗಿನ ಎಲ್ಲ ಹಂತಗಳೂ ಸುಲಭವಾಗಿ ಅರ್ಥವಾಗುತ್ತವೆ. ಹಂತಗಳ ಕ್ರಮ ಮಾತ್ರ ತಪ್ಪಿಸಬೇಡಿ. ಫೋಕಸ್ ಸರಿ ಮಾಡದೆ ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಎಷ್ಟು ಬೆಳಕು ಬಿಡುತ್ತೇವೆ ಅನ್ನುವುದು) ಜೊತೆ ಗುದ್ದಾಡುವುದು, ಗಾಳಿ ನೋಡದೆ ಫೋಕಸ್ ಜೊತೆ ಗುದ್ದಾಡುವುದು, ಎರಡೂ ರಾತ್ರಿಯಿಡೀ ದಂಡ.

ಮೊದಲು ಅಳತೆ ಗೊತ್ತಿರಲಿ

ಆಕಾಶದಲ್ಲಿ ಅಗಲ ಅಳೆಯುವುದು ಆರ್ಕ್‌ಸೆಕೆಂಡ್‌ನಲ್ಲಿ, ಅಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು. ಹುಣ್ಣಿಮೆ ಚಂದ್ರನ ಅಗಲ ಸುಮಾರು 1800 ಆರ್ಕ್‌ಸೆಕೆಂಡ್. ಗುರು ನಮಗೆ ಹತ್ತಿರ ಇದ್ದಾಗಲೂ 45ರಿಂದ 50 ಅಷ್ಟೇ. ಶನಿಯ ಗೋಳ 20ರ ಒಳಗೆ, ಉಂಗುರ ಸೇರಿಸಿದರೆ 40ರ ಆಸುಪಾಸು. ಮಂಗಳ ತೀರಾ ಏರುಪೇರು, ದೂರ ಇದ್ದಾಗ 4ಕ್ಕಿಂತ ಕಡಿಮೆ, ಒಳ್ಳೆಯ ವರ್ಷದಲ್ಲಿ 25ರ ತನಕ. ಶುಕ್ರ 10ರಿಂದ 60ರ ಮೇಲೆ.

ಈಗ ನಿಮ್ಮ ಲೆನ್ಸ್‌ಗೆ ಎಷ್ಟು ಸಿಗುತ್ತದೆ ಅಂತ ಲೆಕ್ಕ ಹಾಕಿ. ಸೆನ್ಸರ್‌ನ ಪಿಕ್ಸೆಲ್ ಅಳತೆಯನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಲೆನ್ಸ್ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಫೋಕಲ್ ಲೆಂತ್‌ನಿಂದ ಭಾಗಿಸಿ. ಒಂದು ಪಿಕ್ಸೆಲ್‌ಗೆ ಎಷ್ಟು ಆರ್ಕ್‌ಸೆಕೆಂಡ್ ಅಂತ ಸಿಗುತ್ತದೆ. 4 ಮೈಕ್ರಾನ್ ಪಿಕ್ಸೆಲ್, 300 ಮಿ.ಮೀ. ಲೆನ್ಸ್ ಅಂದರೆ ಸುಮಾರು 2.75. ಅಂದರೆ ಗುರು ಬರೀ 16 ಪಿಕ್ಸೆಲ್ ಅಗಲ! 6000 ಪಿಕ್ಸೆಲ್ ಅಗಲದ ಫೋಟೊದಲ್ಲಿ 16. 1200 ಮಿ.ಮೀ. ಫೋಕಲ್ ಲೆಂತ್‌ನ ಟೆಲಿಸ್ಕೋಪ್‌ಗೆ ಹಾಕಿದರೆ 65, ಅದಕ್ಕೊಂದು 2ಎಕ್ಸ್ ಬಾರ್ಲೋ (ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡುವ ಹೆಚ್ಚುವರಿ ಲೆನ್ಸ್) ಸೇರಿಸಿದರೆ 130.

ಇದನ್ನು ಹೇಳಿದ್ದು ಹೆದರಿಸುವುದಕ್ಕಲ್ಲ, ಯಾವುದಕ್ಕೆ ಕೈ ಹಾಕಬೇಕು ಅಂತ ಗೊತ್ತಾಗಲಿ ಅಂತ. 300 ಮಿ.ಮೀ. ಲೆನ್ಸ್‌ನಲ್ಲಿ ಗುರುವಿನ ನಾಲ್ಕು ದೊಡ್ಡ ಚಂದ್ರಗಳು ಚೆನ್ನಾಗಿ ಸಿಗುತ್ತವೆ. ಶುಕ್ರ ಭೂಮಿಗೆ ಹತ್ತಿರ ಬಂದು ಕುಡುಗೋಲಿನಂತೆ ಬಾಗಿದಾಗ ಆ ಆಕಾರವೂ ಸಿಗುತ್ತದೆ. ಶನಿ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಗುರುವಿನ ಪಟ್ಟೆಗಳು ಎದ್ದು ಕಾಣಬೇಕು, ಶನಿಯ ಗೋಳ ಮತ್ತು ಉಂಗುರದ ನಡುವೆ ಕತ್ತಲೆಯ ಸಂದು ಕಾಣಬೇಕು ಅಂದರೆ ಸಣ್ಣದಾದರೂ ಒಂದು ಟೆಲಿಸ್ಕೋಪ್ ಬೇಕು. ಲೆನ್ಸ್‌ನಿಂದ ಆಗದ್ದನ್ನು ಲೆನ್ಸ್‌ನಿಂದ ಕೇಳಬೇಡಿ.

ಬೇಕಾದ ಸಾಮಾನು

ಮ್ಯಾನುಯಲ್ ಸೆಟ್ಟಿಂಗ್ ಇರುವ ಯಾವುದೇ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಕ್ಯಾಮೆರಾ ಸಾಕು, ಹಳೆಯದಾದರೂ ಪರವಾಗಿಲ್ಲ. 200 ಮಿ.ಮೀ.ಗಿಂತ ಉದ್ದದ ಲೆನ್ಸ್, ಇಲ್ಲವೇ 70ರಿಂದ 150 ಮಿ.ಮೀ. ವ್ಯಾಸದ ಟೆಲಿಸ್ಕೋಪ್. ಕ್ಯಾಮೆರಾವನ್ನು ಟೆಲಿಸ್ಕೋಪ್‌ಗೆ ಜೋಡಿಸಲು ಟಿ-ರಿಂಗ್. ರಿಮೋಟ್ ಇಲ್ಲದಿದ್ದರೆ ಕ್ಯಾಮೆರಾದಲ್ಲೇ ಇರುವ 2 ಸೆಕೆಂಡಿನ ಟೈಮರ್ ಸಾಕು.

ಬರೀ ಮೊಬೈಲ್ ಇದ್ದವರು ಟೆಲಿಸ್ಕೋಪ್‌ನ ಐಪೀಸ್‌ಗೆ (ಕಣ್ಣಿಟ್ಟು ನೋಡುವ ಲೆನ್ಸ್‌ಗೆ) ಮೊಬೈಲ್ ಹಿಡಿಸುವ ಒಂದು ಹೋಲ್ಡರ್ ತಗೊಳ್ಳಿ. ಕೈಯಲ್ಲಿ ಹಿಡಿದು ತೆಗೆಯಲು ಹೋಗಬೇಡಿ, ಅರ್ಧ ಮಿಲಿಮೀಟರ್ ಸರಿದರೂ ಗ್ರಹ ಮಾಯ. ಹಲವು ಲೆನ್ಸ್‌ಗಳಿದ್ದರೆ ಮುಖ್ಯ ಲೆನ್ಸ್ ಬಳಸಿ.

ಟ್ರೈಪಾಡ್ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಹಣ ಸ್ವಲ್ಪ ಜಾಸ್ತಿ ಹಾಕುವುದಾದರೆ ಲೆನ್ಸ್‌ಗಿಂತ ಮೊದಲು ಟ್ರೈಪಾಡ್‌ಗೆ ಹಾಕಿ. ಕಾಲು ಪೂರ್ತಿ ಎಳೆಯದೆ ಗಿಡ್ಡವಾಗಿ ನಿಲ್ಲಿಸಿ, ನಡುವಿನ ಕಂಬ ಎತ್ತಲೇಬೇಡಿ.

ಸಾಫ್ಟ್‌ವೇರ್ ನಾಲ್ಕು ಇಟ್ಟುಕೊಳ್ಳಿ, ನಾಲ್ಕೂ ಉಚಿತ: ಗ್ರಹ ಎಲ್ಲಿದೆ ನೋಡಲು ಸ್ಟೆಲೇರಿಯಂ, ವಿಡಿಯೊ ಹದ ಮಾಡಲು ಪಿಐಪಿಪಿ, ಸ್ಟ್ಯಾಕ್ ಮಾಡಲು (ಹಲವು ಫ್ರೇಮ್‌ಗಳನ್ನು ಒಂದರ ಮೇಲೊಂದು ಸೇರಿಸಿ ಒಂದೇ ಚಿತ್ರ ಮಾಡಲು) ಆಟೋಸ್ಟ್ಯಾಕರ್ಟ್, ಶಾರ್ಪ್ ಮಾಡಲು ರೆಜಿಸ್ಟ್ಯಾಕ್ಸ್.

ಹಂತ 1: ಗ್ರಹ ಮತ್ತು ಹೊತ್ತು ಆರಿಸಿ

ಗುರುವಿನಿಂದ ಶುರು ಮಾಡಿ. ದೊಡ್ಡದು, ಪ್ರಕಾಶಮಾನ, ತಪ್ಪಾದರೂ ಏನು ತಪ್ಪಾಯಿತು ಅಂತ ಕಲಿಸುತ್ತದೆ. ಸೂರ್ಯ ಒಂದು ಕಡೆ, ಗ್ರಹ ಅದಕ್ಕೆ ಎದುರು, ನಡುವೆ ಭೂಮಿ ಇರುವ ದಿನಗಳಲ್ಲಿ ಗ್ರಹ ನಮಗೆ ಅತಿ ಹತ್ತಿರ ಇರುತ್ತದೆ, ರಾತ್ರಿಯಿಡೀ ಕಾಣುತ್ತದೆ. ಗುರುವಿಗೆ ಇಂಥ ಕಾಲ ಸುಮಾರು 13 ತಿಂಗಳಿಗೊಮ್ಮೆ ಬರುತ್ತದೆ, ಶನಿಗೆ ವರ್ಷಕ್ಕಿಂತ ಎರಡು ವಾರ ಜಾಸ್ತಿ, ಮಂಗಳಕ್ಕೆ 26 ತಿಂಗಳು. ಆ ದಿನಕ್ಕೆ ಹಿಂದೆ ಮುಂದೆ ಒಂದೆರಡು ತಿಂಗಳು ಗುರು ಮತ್ತು ಶನಿ ಚೆನ್ನಾಗಿಯೇ ಸಿಗುತ್ತವೆ. ಮಂಗಳ ಹಾಗಲ್ಲ, ಬೇಗ ಸಣ್ಣದಾಗಿಬಿಡುತ್ತದೆ.

ಶನಿಯ ಬಗ್ಗೆ ಒಂದು ಮಾತು. 2025ರ ಮಾರ್ಚ್‌ನಲ್ಲಿ ಅದರ ಉಂಗುರದ ಅಂಚು ನೇರ ನಮ್ಮ ಕಡೆ ತಿರುಗಿತ್ತು. ಅಲ್ಲಿಂದ ಈಚೆಗೆ ಉಂಗುರ ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ತೆರೆಯುತ್ತಿದೆ. ನಿಮ್ಮ ಫೋಟೊದಲ್ಲಿ ಉಂಗುರ ತೆಳ್ಳಗೆ ಬಂದರೆ ನಿಮ್ಮ ತಪ್ಪು ಅಂದುಕೊಳ್ಳಬೇಡಿ.

ಎಚ್ಚರಿಕೆ: ಶುಕ್ರ ಮತ್ತು ಬುಧ ಸೂರ್ಯನ ಹತ್ತಿರವೇ ಸುಳಿದಾಡುತ್ತವೆ. ಸೂರ್ಯ ಪೂರ್ತಿ ಮುಳುಗುವ ತನಕ ಲೆನ್ಸ್ ಅಥವಾ ಟೆಲಿಸ್ಕೋಪ್ ಆ ಕಡೆ ತಿರುಗಿಸಲೇಬೇಡಿ. ಬೆಳಗಿನ ಹೊತ್ತಾದರೆ ಸೂರ್ಯ ಹುಟ್ಟುವ ಮೊದಲೇ ಎಲ್ಲ ಮುಚ್ಚಿಡಿ. ಕಣ್ಣಿನ ದೃಷ್ಟಿಯೇ ಹೋಗುವ ಅಪಾಯ ಇದು, ಕ್ಯಾಮೆರಾ ಆಮೇಲಿನ ಮಾತು.

ಹಂತ 2: ಗಾಳಿ ನೋಡಿ, ಆಮೇಲೆ ಸಾಮಾನು ಹೊರಗೆ ತನ್ನಿ

ಗ್ರಹಗಳಿಗೆ ಕಗ್ಗತ್ತಲೆಯ ಜಾಗ ಬೇಕಿಲ್ಲ. ಬೀದಿದೀಪ ಇದ್ದರೂ ನಡೆಯುತ್ತದೆ, ಹುಣ್ಣಿಮೆಯಾದರೂ ನಡೆಯುತ್ತದೆ. ಬೇಕಾದ್ದು ಅಲುಗಾಡದ ಗಾಳಿ. ನೀರಿನ ತಳದಲ್ಲಿ ಬಿದ್ದ ನಾಣ್ಯವನ್ನು ಮೇಲಿಂದ ನೋಡಿದ್ದೀರಲ್ವಾ? ನೀರು ಕದಡಿದರೆ ನಾಣ್ಯದ ಅಂಚು ಕುಣಿಯುತ್ತದೆ. ನಾವು ಗ್ರಹವನ್ನು ನೋಡುವುದೂ ಹಾಗೆಯೇ, ಗಾಳಿಯ ಕೊಳದ ತಳದಲ್ಲಿ ಕೂತು ಮೇಲಕ್ಕೆ.

ನಕ್ಷತ್ರಗಳು ಜೋರಾಗಿ ಮಿನುಗುತ್ತಿದ್ದರೆ ನೋಡಲು ಚೆಂದ, ಗ್ರಹದ ಫೋಟೊಗೆ ಕೆಟ್ಟ ರಾತ್ರಿ. ನೆತ್ತಿಯ ಮೇಲಿನ ನಕ್ಷತ್ರಗಳೂ ಪಟಪಟ ಮಿನುಗುತ್ತಿದ್ದರೆ ಅವತ್ತು ಸುಮ್ನೆ ಫೋಕಸ್ ಅಭ್ಯಾಸ ಮಾಡಿ ಮಲಗಿ. ಮಳೆ ನಿಂತ ಮೇಲೆ ಆಕಾಶ ತೊಳೆದಿಟ್ಟಂತೆ ಕಾಣುವ ರಾತ್ರಿಗಳೂ ಮೋಸ ಮಾಡುತ್ತವೆ. ತಿಳಿಯಾಗಿರುವುದು ಬೇರೆ, ನಿಶ್ಚಲವಾಗಿರುವುದು ಬೇರೆ.

ಗ್ರಹ ದಿಗಂತದಿಂದ 30 ಡಿಗ್ರಿ ಮೇಲೆ ಬರುವ ತನಕ ಕಾಯಿರಿ. 30 ಡಿಗ್ರಿಯಲ್ಲಿ ಬೆಳಕು ಹಾದು ಬರುವ ಗಾಳಿ ನೆತ್ತಿಯ ಮೇಲಿನದರ ಎರಡರಷ್ಟು. ಅದಕ್ಕಿಂತ ಕೆಳಗೆ ಇನ್ನೂ ಜಾಸ್ತಿ. ಕಾಂಕ್ರೀಟ್ ಮಹಡಿ ಹಗಲೆಲ್ಲ ಹೀರಿದ ಬಿಸಿಯನ್ನು ರಾತ್ರಿ ಬಿಡುತ್ತಿರುತ್ತದೆ, ಆದ್ದರಿಂದ ಹುಲ್ಲು ಅಥವಾ ಮಣ್ಣಿನ ನೆಲ ಸಿಕ್ಕರೆ ಒಳ್ಳೆಯದು. ಎದುರು ಮನೆಯ ಮಾಡಿನ ಮೇಲೆ, ಎಸಿ ಯಂತ್ರದ ಮೇಲೆ ಹಾದು ಗ್ರಹ ನೋಡಬೇಡಿ. ಕಿಟಕಿ ಗಾಜಿನ ಹಿಂದಿನಿಂದ ತೆಗೆಯುವುದಂತೂ ಬೇಡವೇ ಬೇಡ.

ಟೆಲಿಸ್ಕೋಪ್ ಇದ್ದರೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಹೊರಗಿಡಿ. ಕೊಳವೆಯೊಳಗಿನ ಬಿಸಿ ಗಾಳಿ ಹೊರಗಿನ ತಂಪಿಗೆ ಹೊಂದಬೇಕು. ಹಾಗೇ ತಂದು ಹಾಗೇ ತೆಗೆದರೆ ಗ್ರಹ ಕುದಿಯುವ ನೀರಿನೊಳಗೆ ಇದ್ದಂತೆ ಕಾಣುತ್ತದೆ.

ಹಂತ 3: ಕ್ಯಾಮೆರಾ ಸಿದ್ಧ ಮಾಡಿ

ಮೋಡ್ ಮ್ಯಾನುಯಲ್‌ಗೆ ಇಡಿ. ಆಟೋಫೋಕಸ್ ಆಫ್. ಟ್ರೈಪಾಡ್ ಮೇಲೆ ಇಟ್ಟ ಮೇಲೆ ಲೆನ್ಸ್‌ನ ಸ್ಟೆಬಿಲೈಸೇಶನ್ ಕೂಡ ಆಫ್, ಇಲ್ಲದಿದ್ದರೆ ಅದೇ ಅಲುಗಿಸುತ್ತದೆ. ಫೋಟೊ ತೆಗೆಯುವವರು ರಾ (RAW) ಫೈಲ್, ಅಂದರೆ ಸೆನ್ಸರ್ ಕೊಟ್ಟದ್ದನ್ನು ಹಾಗೇ ಉಳಿಸುವ ಫೈಲ್ ಆರಿಸಿ. ವೈಟ್ ಬ್ಯಾಲೆನ್ಸ್ ಹಗಲು ಬಿಸಿಲಿನದಕ್ಕೆ ಇಡಿ, ಗ್ರಹ ಬಿಸಿಲಲ್ಲಿದೆ ಅಂದೆನಲ್ಲ.

ಡಿಜಿಟಲ್ ಜೂಮ್ ಮುಟ್ಟಬೇಡಿ. ಅದು ಇದ್ದ ಪಿಕ್ಸೆಲ್‌ಗಳನ್ನೇ ಹಿಗ್ಗಿಸುತ್ತದೆ, ಹೊಸದೇನೂ ಕೊಡುವುದಿಲ್ಲ.

ಹಂತ 4: ಫೋಕಸ್

ಅರ್ಧ ಸೋಲು ಇಲ್ಲೇ ಆಗುತ್ತದೆ, ಹಾಗಾಗಿ ಇಲ್ಲಿ ನಿಧಾನಿಸಿ. ಲೆನ್ಸ್ ಮೇಲೆ ಇರುವ ಅನಂತದ ಗುರುತನ್ನು ನಂಬಬೇಡಿ. ರಿಂಗನ್ನು ಕೊನೆಯ ತನಕ ತಿರುಗಿಸಿದರೆ ಹೆಚ್ಚಿನ ಲೆನ್ಸ್‌ಗಳು ಅನಂತವನ್ನೂ ದಾಟಿ ಹೋಗುತ್ತವೆ.

ಮೊದಲು ಗ್ರಹದ ಹತ್ತಿರದ ಒಂದು ಪ್ರಕಾಶಮಾನ ನಕ್ಷತ್ರ ಹಿಡಿಯಿರಿ. ಲೈವ್ ವ್ಯೂ (ಪರದೆಯ ಮೇಲೆ ನೇರ ದೃಶ್ಯ) ಹಾಕಿ 10 ಪಟ್ಟು ದೊಡ್ಡದು ಮಾಡಿ. ರಿಂಗ್ ತಿರುಗಿಸಿ ನಕ್ಷತ್ರ ಅತಿ ಚಿಕ್ಕ ಚುಕ್ಕೆಯಾಗುವ ಜಾಗ ಹುಡುಕಿ. ಆ ಜಾಗ ದಾಟಿ ಹೋಗಿ, ಚುಕ್ಕೆ ಮತ್ತೆ ಉಬ್ಬುವುದನ್ನು ನೋಡಿ, ವಾಪಸ್ ಬನ್ನಿ. ಎರಡೂ ಕಡೆ ಉಬ್ಬುವುದನ್ನು ಕಣ್ಣಾರೆ ನೋಡದೆ "ಇದೇ ಸರಿ" ಅಂತ ನಿಲ್ಲಿಸಬೇಡಿ. ಬಾಹ್ಟಿನೋವ್ ಮಾಸ್ಕ್ ಅನ್ನುವ ಸೀಳುಗಳಿರುವ ಮುಚ್ಚಳ ಇದ್ದರೆ ಕೆಲಸ ಇನ್ನೂ ಸಲೀಸು. ನಕ್ಷತ್ರದಿಂದ ಮೂರು ಗೆರೆ ಹೊರಡುತ್ತವೆ, ನಡುವಿನದು ಉಳಿದೆರಡರ ಸರಿಯಾಗಿ ಮಧ್ಯಕ್ಕೆ ಬಂದರೆ ಫೋಕಸ್ ಆಯಿತು. ಆಮೇಲೆ ಮಾಸ್ಕ್ ತೆಗೆಯುವುದನ್ನು ಮರೆಯಬೇಡಿ.

ಗುರುವಿಗಾದರೆ ಅದರ ಚಂದ್ರಗಳೇ ಸಾಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ತಾತ್ಕಾಲಿಕವಾಗಿ ಏರಿಸಿ, ಪಕ್ಕದಲ್ಲಿ ಸಾಲಾಗಿ ಮಸುಕು ಮಸುಕಾಗಿ ಕಾಣುವ ಚಂದ್ರಗಳನ್ನು ನೋಡುತ್ತಾ ರಿಂಗ್ ತಿರುಗಿಸಿ. ಮಸುಕು ಕರಗಿ ಅವು ಸೂಜಿಮೊನೆಯಾಗುವ ಕ್ಷಣ ಒಂದಿದೆ. ಅಲ್ಲಿ ಕೈ ತೆಗೆಯಿರಿ. ಕೈ ತೆಗೆದ ಕೂಡಲೇ ಚಿತ್ರ ಎರಡು ಮೂರು ಸೆಕೆಂಡ್ ಅಲುಗಾಡುತ್ತದೆ, ಅದು ನಿಲ್ಲಲಿ, ಆಮೇಲೆ ನೋಡಿ. ಅಲುಗಾಟದ ನಡುವೆಯೇ ಮತ್ತೆ ಮತ್ತೆ ತಿರುಗಿಸುತ್ತಾ ಹೋಗುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು. ಟೆಲಿಸ್ಕೋಪ್‌ನ ಫೋಕಸ್ ಗುಂಡಿ ತೀರಾ ಸೂಕ್ಷ್ಮವಾಗಿದ್ದರೆ ಅದಕ್ಕೆ ಒಂದು ಬಟ್ಟೆ ಕ್ಲಿಪ್ ಸಿಕ್ಕಿಸಿ, ಕ್ಲಿಪ್ಪಿನ ತುದಿಯನ್ನು ಬೆರಳಿಂದ ಮೆಲ್ಲಗೆ ನೂಕಿ. ಗುಂಡಿ ಕೂದಲೆಳೆಯಷ್ಟು ತಿರುಗುತ್ತದೆ, ಕೊಳವೆ ಅಲುಗುವುದಿಲ್ಲ.

ಫೋಕಸ್ ಆದ ಮೇಲೆ ರಿಂಗ್ ಜರುಗದಂತೆ ಸಣ್ಣ ಟೇಪ್ ಅಂಟಿಸಿ. ಆದರೆ ರಾತ್ರಿ ತಂಪಾದಂತೆ ಫೋಕಸ್ ಸರಿಯುತ್ತದೆ, ಅರ್ಧ ಗಂಟೆಗೊಮ್ಮೆ ಮತ್ತೆ ನೋಡಿ. ಆಗಲೇ ಲೆನ್ಸ್ ಮುಂದೆ ಇಬ್ಬನಿ ಕೂತಿದೆಯಾ ಅಂತ ಟಾರ್ಚ್ ಬಿಟ್ಟು ನೋಡುವುದೂ ಆಗಲಿ. ಒಂದು ಚಳಿಯ ರಾತ್ರಿ ನಾನು ಇದನ್ನು ನೋಡದೆ ಒಂದು ಗಂಟೆ ವಿಡಿಯೊ ತೆಗೆದಿದ್ದೆ. ಮರುದಿನ ಕಂಪ್ಯೂಟರ್‌ನಲ್ಲಿ ಹಾಕಿದಾಗ ಮೊದಲ ಎರಡು ಬಿಟ್ಟು ಉಳಿದ ಎಲ್ಲದರಲ್ಲೂ ಗುರುವಿನ ಸುತ್ತ ಹಾಲಿನಂಥ ಪ್ರಭೆ. ಅಂದಿನಿಂದ ಮೊಬೈಲ್‌ನಲ್ಲಿ ಅರ್ಧ ಗಂಟೆಯ ಅಲಾರಂ ಇಡುತ್ತೇನೆ.

ಹಂತ 5: ಎಕ್ಸ್‌ಪೋಶರ್

ಬಿಳಿ ಉಂಡೆಯ ಸಮಸ್ಯೆ ಬಗೆಹರಿಯುವುದು ಇಲ್ಲಿ. ಕ್ಯಾಮೆರಾಗೆ ಬಿಟ್ಟರೆ ಅದು ಸುತ್ತಲಿನ ಕತ್ತಲನ್ನು ಅಳೆದು ಶಟರ್ ಸೆಕೆಂಡುಗಟ್ಟಲೆ ತೆರೆದಿಡುತ್ತದೆ, ಗ್ರಹ ಸುಟ್ಟುಹೋಗುತ್ತದೆ. ಲೆನ್ಸ್‌ನ ಅಪರ್ಚರ್ (ಬೆಳಕು ಬರುವ ಕಿಂಡಿಯ ಅಳತೆ) ಎಫ್/5.6, ಐಎಸ್‌ಒ 400 ಇಟ್ಟು ಹೀಗೆ ಶುರು ಮಾಡಿ: ಶುಕ್ರಕ್ಕೆ 1/2000 ಸೆಕೆಂಡ್, ಮಂಗಳಕ್ಕೆ 1/500, ಗುರುವಿಗೆ 1/200, ಶನಿಗೆ 1/60. ಸೂರ್ಯನಿಂದ ದೂರ ಹೋದಷ್ಟೂ ಬಿಸಿಲು ಕಡಿಮೆ, ಅದಕ್ಕೇ ಈ ವ್ಯತ್ಯಾಸ. ಗುರುವಿಗೆ ಸಿಗುವ ಬಿಸಿಲು ನಮ್ಮದರ 27ರಲ್ಲಿ ಒಂದು ಪಾಲು, ಶನಿಗೆ ಸುಮಾರು 90ರಲ್ಲಿ ಒಂದು ಪಾಲು.

ಬಾರ್ಲೋ ಹಾಕಿದರೆ ಬೆಳಕು ಹರಡುತ್ತದೆ. 2ಎಕ್ಸ್ ಬಾರ್ಲೋ ಅಂದರೆ ನಾಲ್ಕು ಪಟ್ಟು ಜಾಸ್ತಿ ಎಕ್ಸ್‌ಪೋಶರ್ ಬೇಕು. ಶಟರ್ ತೀರಾ ನಿಧಾನ ಮಾಡುವ ಬದಲು ಐಎಸ್‌ಒ 800, 1600ಕ್ಕೆ ಏರಿಸಿ. ಚುಕ್ಕೆಚುಕ್ಕೆ ಗದ್ದಲ ಸ್ಟ್ಯಾಕ್ ಮಾಡುವಾಗ ಹೋಗುತ್ತದೆ, ಅಲುಗಾಟ ಹೋಗುವುದಿಲ್ಲ.

ಸರಿಯಾಗಿದೆಯಾ ಅಂತ ತಿಳಿಯುವುದು ಹೀಗೆ: ಪರದೆಯ ಮೇಲೆ ಗ್ರಹ ಸ್ವಲ್ಪ ಮಂಕಾಗಿ, ಬೂದು ಬಣ್ಣದಲ್ಲಿ ಕಾಣಬೇಕು. "ಇಷ್ಟು ಮಂಕಾ?" ಅಂತ ಅನ್ನಿಸಿದರೆ ಹೆಚ್ಚುಕಡಿಮೆ ಸರಿಯಿದೆ. ಹಿಸ್ಟೋಗ್ರಾಂ (ಬೆಳಕಿನ ಮಟ್ಟ ತೋರಿಸುವ ನಕ್ಷೆ) ಇದ್ದರೆ ಅತಿ ಪ್ರಕಾಶದ ಭಾಗ 60ರಿಂದ 70 ಶೇಕಡಾ ದಾಟದಿರಲಿ.

ಗುರು ಮತ್ತು ಅದರ ಚಂದ್ರಗಳು ಒಂದೇ ಎಕ್ಸ್‌ಪೋಶರ್‌ನಲ್ಲಿ ಚೆನ್ನಾಗಿ ಬರುವುದಿಲ್ಲ. ಪಟ್ಟೆಗೆ ಒಂದು, ಚಂದ್ರಗಳಿಗೆ 1/4 ಸೆಕೆಂಡಿನ ಆಸುಪಾಸಿನಲ್ಲಿ ಇನ್ನೊಂದು ತೆಗೆದು ಆಮೇಲೆ ಜೋಡಿಸಿ. ಅದಕ್ಕಿಂತ ನಿಧಾನ ಬೇಡ. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ತನಕ ಜರುಗುತ್ತದೆ, ಹಾಗಾಗಿ 300 ಮಿ.ಮೀ. ಲೆನ್ಸ್‌ನಲ್ಲಿ ಒಂದು ಸೆಕೆಂಡ್ ಅಂದರೆ ಐದಾರು ಪಿಕ್ಸೆಲ್ ಎಳೆದ ಗೆರೆ.

ಮೊಬೈಲ್‌ನಲ್ಲಿ ಗ್ರಹದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಶರ್ ಲಾಕ್ ಮಾಡಿ, ಆಮೇಲೆ ಪಟ್ಟೆ ಕಾಣುವ ತನಕ ಬೆಳಕನ್ನು ಕೆಳಗೆ ಎಳೆಯಿರಿ.

ಹಂತ 6: ಒಂದು ಫೋಟೊ ಅಲ್ಲ, ವಿಡಿಯೊ

ಗಾಳಿ ಒಂದು ಕ್ಷಣ ನಿಶ್ಚಲ, ಮರುಕ್ಷಣ ಕದಡುತ್ತದೆ. ಒಂದೇ ಫೋಟೊ ತೆಗೆದರೆ ಯಾವ ಕ್ಷಣ ಸಿಗುತ್ತದೋ ಹೇಳಲಾಗದು. ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಎರಡು ನಿಮಿಷ ತೆಗೆದರೆ 3600 ಫ್ರೇಮ್ ಸಿಗುತ್ತವೆ, ಅದರಲ್ಲಿ ಒಳ್ಳೆಯ ಕೆಲವು ನೂರು ಇದ್ದೇ ಇರುತ್ತವೆ. ಶುಕ್ರದ ಆಕಾರಕ್ಕೆ, ಚಂದ್ರನ ಪಕ್ಕ ಗ್ರಹ ಇರುವ ದೃಶ್ಯಕ್ಕೆ ಒಂದು ಫೋಟೊ ಸಾಕು. ಪಟ್ಟೆ, ಉಂಗುರ ಬೇಕು ಅಂದರೆ ವಿಡಿಯೊ ಬೇಕೇ ಬೇಕು.

ಇಲ್ಲಿ ಒಂದು ಹಳ್ಳ ಇದೆ, ತುಂಬಾ ಜನ ಗೊತ್ತಿಲ್ಲದೆ ಬೀಳುತ್ತಾರೆ. ಕ್ಯಾಮೆರಾದ ಮಾಮೂಲಿ ಫುಲ್ ಎಚ್‌ಡಿ ವಿಡಿಯೊ 6000 ಪಿಕ್ಸೆಲ್ ಅಗಲದ ಸೆನ್ಸರನ್ನು 1920ಕ್ಕೆ ಕುಗ್ಗಿಸುತ್ತದೆ. ಅಂದರೆ ಟೆಲಿಸ್ಕೋಪ್‌ನಿಂದ ಕಷ್ಟಪಟ್ಟು ಗಳಿಸಿದ 65 ಪಿಕ್ಸೆಲ್ ಗುರು 21 ಪಿಕ್ಸೆಲ್‌ಗೆ ಇಳಿಯುತ್ತದೆ. ಆದ್ದರಿಂದ ಮೆನುವಿನಲ್ಲಿ ಕ್ರಾಪ್ ವಿಡಿಯೊ (ಸೆನ್ಸರ್‌ನ ನಡುವಿನ ಭಾಗವನ್ನಷ್ಟೇ ಬಳಸುವ ವಿಡಿಯೊ) ಇದೆಯಾ ನೋಡಿ. ಕೆಲವು ಕ್ಯಾಮೆರಾಗಳ 4ಕೆ ವಿಡಿಯೊ ಸೆನ್ಸರ್‌ನ ಮಧ್ಯಭಾಗವನ್ನು ಕುಗ್ಗಿಸದೆ ಹಾಗೇ ಕೊಡುತ್ತದೆ, ಅದೂ ಒಳ್ಳೆಯದೇ. ಎರಡೂ ಇಲ್ಲದಿದ್ದರೆ ಕ್ಯಾಮೆರಾವನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ 5 ಪಟ್ಟು ಹಿಗ್ಗಿಸಿದ ಲೈವ್ ವ್ಯೂವನ್ನೇ ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ಗಳಿವೆ. ಯಾವುದೂ ಆಗದಿದ್ದರೆ ರಾ ಫೈಲ್‌ನಲ್ಲಿ ನೂರು ಇನ್ನೂರು ಫೋಟೊ ಬಡಬಡ ತೆಗೆಯಿರಿ.

ಗ್ರಹವನ್ನು ಹಿಂಬಾಲಿಸುವ ಮೋಟಾರ್ ಇಲ್ಲದವರು ಚಿಂತಿಸಬೇಡಿ. ಗ್ರಹವನ್ನು ಫ್ರೇಮ್‌ನ ಒಂದು ಅಂಚಿಗೆ ತನ್ನಿ, ಅಲುಗಾಟ ನಿಲ್ಲಲಿ, ರೆಕಾರ್ಡ್ ಒತ್ತಿ, ಅದು ತಾನಾಗಿ ಇನ್ನೊಂದು ಅಂಚಿಗೆ ಜರುಗಿ ಹೋಗಲಿ. ಮತ್ತೆ ಹಾಗೇ ಮಾಡಿ.

ಗುರುವನ್ನು ಮೂರು ನಿಮಿಷಕ್ಕಿಂತ ಹೆಚ್ಚು ಒಂದೇ ವಿಡಿಯೊದಲ್ಲಿ ತೆಗೆಯಬೇಡಿ. ಅದು 10 ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುತ್ತದೆ, ಜಾಸ್ತಿ ತೆಗೆದರೆ ಮೋಡದ ಗುರುತುಗಳು ಅಳಿಸಿಕೊಳ್ಳುತ್ತವೆ. ಮಂಗಳದ ಒಂದು ಸುತ್ತಿಗೆ 24 ಗಂಟೆಗಿಂತ ಸ್ವಲ್ಪ ಜಾಸ್ತಿ ಬೇಕು, ಹಾಗಾಗಿ ಅಲ್ಲಿ ಅಷ್ಟು ಅವಸರ ಇಲ್ಲ. ಒಂದೇ ವಿಡಿಯೊಗೆ ನಿಲ್ಲಿಸದೆ ಎಂಟು ಹತ್ತು ತೆಗೆಯಿರಿ, ನಡುನಡುವೆ ಫೋಕಸ್ ಹೊಸದಾಗಿ ಮಾಡಿ.

ಹಂತ 7: ಸ್ಟ್ಯಾಕ್ ಮಾಡುವುದು

ಮೊದಲು ಪಿಐಪಿಪಿಯಲ್ಲಿ ವಿಡಿಯೊ ತೆರೆದು ಗ್ರಹ ಆರಿಸಿ. ಜರುಗಿ ಹೋಗುವ ಗ್ರಹವನ್ನು ಅದು ಪ್ರತಿ ಫ್ರೇಮ್‌ನಲ್ಲೂ ನಡುವೆ ತಂದು, ಸುತ್ತಲಿನ ಬೇಡದ ಕತ್ತಲು ಕತ್ತರಿಸಿ ಕೊಡುತ್ತದೆ.

ಆ ಫೈಲನ್ನು ಆಟೋಸ್ಟ್ಯಾಕರ್ಟ್‌ಗೆ ಹಾಕಿ. ಗ್ರಹ ಅನ್ನುವ ಆಯ್ಕೆ ಒತ್ತಿ, ವಿಶ್ಲೇಷಣೆ ಓಡಿಸಿ. ಫ್ರೇಮ್‌ಗಳನ್ನು ಚೆನ್ನಾಗಿರುವುದರಿಂದ ಕೆಟ್ಟದ್ದರ ತನಕ ಸಾಲಾಗಿ ಜೋಡಿಸಿ ಒಂದು ಗೆರೆ ತೋರಿಸುತ್ತದೆ. ಗೆರೆ ಬೇಗ ಕೆಳಗೆ ಬಿದ್ದರೆ ಮೇಲಿನ 10 ಶೇಕಡಾ ಮಾತ್ರ ತಗೊಳ್ಳಿ, ನಿಧಾನ ಇಳಿದರೆ 25ರಿಂದ 30ರ ತನಕ ಹೋಗಬಹುದು. ಎಲ್ಲ ಫ್ರೇಮ್ ಹಾಕಿದರೆ ಜಾಸ್ತಿ ಒಳ್ಳೆಯದು ಅನ್ನುವುದು ತಪ್ಪು. ಕೆಟ್ಟ ಫ್ರೇಮ್‌ಗಳು ಒಳ್ಳೆಯವನ್ನೂ ಮಂಕು ಮಾಡುತ್ತವೆ. ಹಾಗಂತ 20 ಫ್ರೇಮ್‌ಗೆ ಇಳಿಯಬೇಡಿ, ಗದ್ದಲ ಉಳಿದುಬಿಡುತ್ತದೆ.

ಬಂದ ಚಿತ್ರ ಮೆತ್ತಗೆ, ಮಸುಕಾಗಿ ಇರುತ್ತದೆ. ಇಲ್ಲಿ ನಿರಾಸೆಯಾಗಿ ಬಿಟ್ಟುಬಿಡುವವರು ತುಂಬಾ ಜನ. ಅದು ಹಾಗೇ ಇರಬೇಕು. ವಿವರ ಒಳಗೆ ಅಡಗಿದೆ, ಮುಂದಿನ ಹಂತದಲ್ಲಿ ಹೊರಗೆ ಬರುತ್ತದೆ.

ಹಂತ 8: ಶಾರ್ಪ್ ಮಾಡುವುದು, ಮಿತಿಯಲ್ಲಿ

ರೆಜಿಸ್ಟ್ಯಾಕ್ಸ್‌ನಲ್ಲಿ ವೇವ್‌ಲೆಟ್ ಅನ್ನುವ ಆರು ಪದರಗಳಿವೆ. ಮೊದಲನೆಯದು ಅತಿ ಸೂಕ್ಷ್ಮ ವಿವರ, ಗದ್ದಲವೂ ಅದರಲ್ಲೇ ಜಾಸ್ತಿ. ಎರಡು ಮತ್ತು ಮೂರನೆಯದನ್ನು ಮೆಲ್ಲಗೆ ಎಳೆಯುತ್ತಾ ಬನ್ನಿ, ಪಟ್ಟೆಗಳು ನಿಮ್ಮ ಕಣ್ಣೆದುರೇ ಮೂಡುತ್ತವೆ. ಮೊದಲ ಸಲ ಇದನ್ನು ನೋಡುವಾಗ ಆಗುವ ಖುಷಿಯಲ್ಲಿ ಎಲ್ಲರೂ ಇನ್ನಷ್ಟು ಎಳೆಯುತ್ತಾರೆ. ಎಲ್ಲಿ ನಿಲ್ಲಿಸಬೇಕು? ಅಂಚಿನಲ್ಲಿ ಬಿಳಿ ಗೆರೆ ಹುಟ್ಟಿದರೆ, ಗೋಳದ ಮೇಲೆ ಜೇನುಗೂಡಿನಂಥ ಕಾಳುಕಾಳು ಕಂಡರೆ, ಅಂಚಿನ ಒಳಗೆ ಅದಕ್ಕೆ ಸಮಾನಾಂತರವಾಗಿ ಇನ್ನೊಂದು ಬಳೆ ಬಂದರೆ ದಾಟಿದ್ದೀರಿ. ಈ ಬಳೆ ಮಂಗಳದಲ್ಲಿ ಜಾಸ್ತಿ ಕಾಣುತ್ತದೆ, ಅದು ಗ್ರಹದ್ದಲ್ಲ. ಎರಡು ಹೆಜ್ಜೆ ಹಿಂದೆ ಬನ್ನಿ.

ಗ್ರಹದ ಒಂದು ಅಂಚು ನೀಲಿ, ಎದುರಿನದು ಕೆಂಪಾಗಿದ್ದರೆ ಗಾಳಿ ಬಣ್ಣಗಳನ್ನು ಬಿಡಿಸಿದೆ ಅಂತ ಅರ್ಥ. ರೆಜಿಸ್ಟ್ಯಾಕ್ಸ್‌ನಲ್ಲಿ ಆರ್‌ಜಿಬಿ ಅಲೈನ್ ಒತ್ತಿದರೆ ಬಹುಪಾಲು ಸರಿಹೋಗುತ್ತದೆ.

ಫೋಟೊ ನೋಡಿ ತಪ್ಪು ಹಿಡಿಯುವುದು

ಬರೀ ಬಿಳಿ ಉಂಡೆ ಬಂದರೆ ಎಕ್ಸ್‌ಪೋಶರ್ ಜಾಸ್ತಿ, ಹಂತ 5ಕ್ಕೆ ವಾಪಸ್. ಚಂದ್ರಗಳೆಲ್ಲ ಒಂದೇ ದಿಕ್ಕಿಗೆ ಗೆರೆಯಾಗಿ ಎಳೆದಿದ್ದರೆ ಶಟರ್ ನಿಧಾನವಾಯಿತು. ಅದೇ ಗೆರೆ ಅಂಕುಡೊಂಕಾಗಿದ್ದರೆ ಟ್ರೈಪಾಡ್ ಅಲುಗಿದೆ. ಚಂದ್ರಗಳು ಸಣ್ಣ ಬಳೆಗಳಂತೆ ಕಂಡರೆ ಫೋಕಸ್ ತಪ್ಪಿದೆ. ಕನ್ನಡಿ ಇರುವ ಟೆಲಿಸ್ಕೋಪ್‌ನಲ್ಲಿ ನಕ್ಷತ್ರವನ್ನು ಬೇಕಂತಲೇ ಫೋಕಸ್ ತಪ್ಪಿಸಿ ನೋಡಿ, ಬಳೆಗಳು ಒಂದರೊಳಗೊಂದು ಸರಿಯಾಗಿ ನಡುವೆ ಕೂರದೆ ಒಂದು ಬದಿಗೆ ವಾಲಿದ್ದರೆ ಕನ್ನಡಿಗಳನ್ನು ಸರಿಹೊಂದಿಸಬೇಕು. ಅದು ಆಗುವ ತನಕ ಬೇರೆ ಏನು ಮಾಡಿದರೂ ಚಿತ್ರ ಸುಧಾರಿಸುವುದಿಲ್ಲ.

ಗ್ರಹದ ಪಕ್ಕ ಹೊಸ ಚುಕ್ಕೆ ಕಂಡರೆ ಲೆನ್ಸ್‌ನೊಳಗಿನ ಪ್ರತಿಫಲನ ಇರಬಹುದು. ಕ್ಯಾಮೆರಾ ಸ್ವಲ್ಪ ತಿರುಗಿಸಿ ಮತ್ತೆ ತೆಗೆಯಿರಿ, ನಿಜವಾದ ಚಂದ್ರ ಗ್ರಹದಿಂದ ಅಷ್ಟೇ ದೂರದಲ್ಲಿರುತ್ತದೆ, ಪ್ರತಿಫಲನ ಜಾಗ ಬದಲಿಸುತ್ತದೆ.

ಕೊನೆಗೆ ಸ್ಟೆಲೇರಿಯಂನಲ್ಲಿ ನೀವು ತೆಗೆದ ದಿನ ಮತ್ತು ಗಂಟೆ ಹಾಕಿ ಗುರುವನ್ನು ಹಿಗ್ಗಿಸಿ, ನಿಮ್ಮ ಫೋಟೊ ಪಕ್ಕದಲ್ಲಿಡಿ. ಅಯೊ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ ಯಾವುದು ಎಲ್ಲಿದೆ ಅಂತ ಹೆಸರು ಸಮೇತ ಸಿಗುತ್ತದೆ. ಎಡಬಲ ತಿರುಗುಮುರುಗಾಗಿದ್ದರೆ ಗಾಬರಿಯಾಗಬೇಡಿ, ಕೆಲವು ಟೆಲಿಸ್ಕೋಪ್‌ಗಳು ಚಿತ್ರವನ್ನು ತಲೆಕೆಳಗು ಮಾಡುತ್ತವೆ, ಐಪೀಸ್ ಹತ್ತಿರದ ಓರೆ ಕನ್ನಡಿ ಎಡಬಲ ಬದಲಿಸುತ್ತದೆ. ಗುರುತು ಹಿಡಿದ ಮೇಲೆ ಫೈಲ್ ಹೆಸರಿನಲ್ಲೇ ದಿನಾಂಕ, ಗಂಟೆ, ನಿಮಿಷ, ಲೆನ್ಸ್, ಶಟರ್, ಐಎಸ್‌ಒ ಬರೆದಿಡಿ. ಮೂಲ ವಿಡಿಯೊ ಅಳಿಸಬೇಡಿ. ಆರು ತಿಂಗಳು ಬಿಟ್ಟು, ಕೈ ಪಳಗಿದ ಮೇಲೆ, ಅದೇ ವಿಡಿಯೊದಿಂದ ಇನ್ನೊಂದು ಪಟ್ಟೆ ಹೊರಗೆ ಬರುತ್ತದೆ.